ಹಾಡು ಮುಗಿಯುವವರೆಗೆ

ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೆಡ್‌ಫೋನನ್ನು ತಲೆಗೇರಿಸಿಕೊಂಡ. ಕನ್ನಡಕದ ಕಡ್ಡಿ ಕಿವಿಯ ಹಿಂದೆ ಸಿಕ್ಕಿಕೊಂಡಿದ್ದರೆ ಹೆಡ್‌ಫೋನಿನ ಮೆತ್ತೆ ಚರ್ಮಕ್ಕೆ ಪೂರ್ತಿ ಕೂರುವುದಿಲ್ಲ. ಕೂದಲೆಳೆಯಷ್ಟು ಸಂದು ಉಳಿದರೂ ಸಾಕು, ತಗ್ಗಿನ ಸ್ವರಗಳೆಲ್ಲ ಅಲ್ಲಿಂದ ಸೋರಿಹೋಗಿ ಹಾಡು ತೆಳ್ಳಗಾಗುತ್ತದೆ. ಇದನ್ನು ಅವನು ಎಷ್ಟು ಜನರಿಗೆ ಬಿಡಿಸಿ ಹೇಳಿದ್ದನೋ. ದೊಡ್ಡ ಪ್ಲೇಯರ್ ಕೊಂಡುಬಿಟ್ಟರೆ ಆಗಲಿಲ್ಲ ಸ್ವಾಮಿ, ಹಾಡಿನ ಫೈಲನ್ನು ಗಾತ್ರ ಇಳಿಸಲೆಂದು ಹಿಂಡಿ ಹಿಪ್ಪೆ ಮಾಡಿರಬಾರದು, ವೈರಿನ ಪಿನ್ನು ಸಡಿಲವಿರಬಾರದು, ಮೆತ್ತೆ ಬಿಗಿಯಾಗಿ ಕೂರಬೇಕು, ಸದ್ದು ಜೋರಾಗಿದ್ದನ್ನೇ ಚೆನ್ನಾಗಿದೆ ಅಂದುಕೊಳ್ಳಬಾರದು. ಈ ಭಾನುವಾರದ ಬೆಳಗ್ಗೆ ಎಲ್ಲವೂ ಬಿಗಿಯಾಗಿಯೇ ಕೂತಿತ್ತು. ಆದರೂ ಅವನಿಗೆ ಬೇಕಾದದ್ದು ಕೇಳಿಸಲಿಲ್ಲ. ಎರಡನೆಯ ಚರಣಕ್ಕೆ ಮುಂಚೆ ಹಾಡುವವಳು ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಾಳೆ, ಅದಕ್ಕೂ ಮೊದಲು ಅಂಟಿದ ತುಟಿಗಳು ಬಿಡಿಸಿಕೊಳ್ಳುವ ಸದ್ದು. ಒಳ್ಳೆಯ ಸಲಕರಣೆ ಕೊಡುವುದು ಹಾಡನ್ನಲ್ಲ, ಹಾಡಿನ ಹಿಂದಿನ ಉಸಿರನ್ನು ಎಂದು ಅವನು ಹೇಳಿಕೊಂಡು ಬಂದದ್ದೇ ಆ ಜಾಗವನ್ನು ನೆಚ್ಚಿಕೊಂಡು. ಇವತ್ತು ಅಲ್ಲಿ ಏನೂ ಇರಲಿಲ್ಲ. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದ. ಪಿನ್ನನ್ನು ಬನಿಯನ್ನಿನ ಅಂಚಿಗೆ ಒರೆಸಿ ಚುಚ್ಚಿದ. ಎರಡೂ ಅಂಗೈಗಳಿಂದ ಮೆತ್ತೆಗಳನ್ನು ತಲೆಗೆ ಒತ್ತಿ ಹಿಡಿದು ಉಸಿರು ಕಟ್ಟಿದ. ಕೇಳಿಸಿತು ಅನ್ನಿಸಿತು. ಆಮೇಲೆ, ತಾನೇ ಉಸಿರು ಬಿಟ್ಟಿರಬೇಕು ಎಂದೂ ಅನ್ನಿಸಿತು.

ಶುಕ್ರವಾರ ಅಗೆಸಿದ ಗುಂಡಿಯಲ್ಲಿ ಒಣ ಮಣ್ಣಿತ್ತು. ಅವನ ಕೆಲಸ ನೀರು ಸರಬರಾಜು ಕಚೇರಿಯಲ್ಲಿ, ರಸ್ತೆಯಡಿಯ ಪೈಪುಗಳಲ್ಲಿ ಎಲ್ಲಿ ನೀರು ಸೋರುತ್ತಿದೆ ಎಂದು ಕೇಳಿ ಹೇಳುವುದು. ಲೋಟದಷ್ಟು ದಪ್ಪದ ಮೈಕನ್ನು ರಸ್ತೆಯ ಮೇಲೆ ಊರಿ, ಹೆಡ್‌ಫೋನ್ ಹಾಕಿಕೊಂಡು, ಹೆಜ್ಜೆ ಹೆಜ್ಜೆಗೂ ನಿಂತು ಕಿವಿಗೊಡುತ್ತಾನೆ. ಒಡಕಿರುವಲ್ಲಿ ಪೈಪು ಪಿಸುಗುಟ್ಟುತ್ತದೆ. ಅಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು ಹಾಕುತ್ತಾನೆ, ಅಗೆಯುವವರು ಬರುತ್ತಾರೆ. ಅವರು ಅವನನ್ನು ಡಾಕ್ಟ್ರು ಅನ್ನುತ್ತಾರೆ. ಅರ್ಧ ಗೌರವ, ಅರ್ಧ ಕೀಟಲೆ. ಅವನು ಗೌರವವನ್ನಷ್ಟೇ ಇಟ್ಟುಕೊಂಡಿದ್ದ. ಶುಕ್ರವಾರ ಡಾಂಬರು ಒಡೆದು, ಜಲ್ಲಿ ಬಗೆದು, ಎದೆಯಾಳಕ್ಕೆ ಇಳಿದ ಮೇಲೆ ಸಿಕ್ಕಿದ ಮಣ್ಣನ್ನು ಮೇಸ್ತ್ರಿ ಮುಷ್ಟಿಯಲ್ಲಿ ಹಿಡಿದು ಪುಡಿ ಮಾಡಿ ಉದುರಿಸಿದ್ದ. "ಡಾಕ್ಟ್ರೇ, ರೋಗಿ ಗಟ್ಟಿಮುಟ್ಟಾಗಿದಾನೆ." ಸುತ್ತ ನಿಂತವರು ನಕ್ಕರು. ನಾಲ್ಕು ಮನೆ ಆಚೆ, ಬಟ್ಟೆ ಹರವುತ್ತಿದ್ದ ಒಬ್ಬ ಹೆಂಗಸು ತಮ್ಮ ಕಾಂಪೌಂಡಿನ ಬುಡ ವಾರದಿಂದ ಒದ್ದೆಯಿದೆ ಎಂದಳು. ಅಲ್ಲಿ ಅಗೆದರೆ ನೀರು ಚಿಮ್ಮಿತು. ಎಂಜಿನಿಯರ್ ಬೈಯಲಿಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ಅವರು ಅವನನ್ನು ಜೀಪಿನ ಮರೆಗೆ ಕರೆದು, ಕಾಯಿಲೆಯವರನ್ನು ಮಾತಾಡಿಸುವ ದನಿಯಲ್ಲಿ, "ಒಂದ್ಸಲ ಕಿವಿ ತೋರಿಸ್ಕೊಂಡ್ಬಿಡಿ, ವಯಸ್ಸು ಎಲ್ಲರಿಗೂ ಆಗುತ್ತೆ," ಎಂದರು. ಆದರೆ ಅವನು ಆ ಪಿಸುಗುಡುವಿಕೆಯನ್ನು ಕೇಳಿದ್ದ. ನಿಚ್ಚಳವಾಗಿ ಕೇಳಿದ್ದ. ಸೋರದ ಪೈಪು ಅವನಿಗೆ ಏನು ಹೇಳಿತ್ತು ಹಾಗಾದರೆ?

ಮುಖದ ಮುಂದೆ ಒಂದು ಕೈ ಆಡಿತು. ಹೆಂಡತಿ. ಕನ್ನಡಕವಿಲ್ಲದೆ ಅವಳ ಮುಖ ಮಸಕು ಮಸಕು. ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಅವನು ಒಂದು ಕಿವಿಯ ಮೆತ್ತೆಯನ್ನು ಎತ್ತಿದ, ಎತ್ತುವಾಗ ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರು ಅವನಿಗೇ ಗೊತ್ತಿಲ್ಲದಂತೆ ಎಷ್ಟೋ ವರ್ಷಗಳಿಂದ ಮೆತ್ತೆಯ ಜೊತೆಗೇ ಏಳುತ್ತಿತ್ತು. "ತಂಗಿ ಮನೆಯವರು ಹೊರಟ್ರಂತೆ. ಅಂಗಿ ಹಾಕ್ಕೊಳ್ರೀ. ಮೂರು ಸಲ ಕೂಗಿದೆ," ಎಂದಳು. ಹೇಳುವಾಗ ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಅವಳ ಎಡಗೈ ಮಣಿಕಟ್ಟಿನಲ್ಲಿ ಸೊಟ್ಟಗಿತ್ತು. ಅವಳು ಬಚ್ಚಲಲ್ಲಿ ಜಾರಿ ಬಿದ್ದ ದಿನವೂ ಅವನು ಇದೇ ಕುರ್ಚಿಯಲ್ಲಿದ್ದ. ಹೊಸ ಹೆಡ್‌ಫೋನ್ ಬಂದ ವಾರ. ಎರಡು ಪದ್ಯಗಳ ನಡುವೆ ದಪ್ ಎಂದು ಒಂದು ಸದ್ದು ಕೇಳಿಸಿತ್ತು. ಡ್ರಮ್ಮಿನವನ ಪಾದ ಇರಬೇಕು, ಹಳೆಯ ಹೆಡ್‌ಫೋನಿನಲ್ಲಿ ಇದು ಕೇಳಿಸುತ್ತಲೇ ಇರಲಿಲ್ಲವಲ್ಲ ಎಂದು ಅವನಿಗೆ ಮೈ ಜುಂ ಎಂದಿತ್ತು. ಹಿಂದಕ್ಕೆ ಓಡಿಸಿ ಅದನ್ನು ಮತ್ತೆ ಹುಡುಕಿದ. ಸಿಗಲಿಲ್ಲ. ಇನ್ನೊಮ್ಮೆ ಓಡಿಸಿದ. ಹಾಡು ಮುಗಿದ ಮೇಲೆ ನೀರು ಕುಡಿಯಲು ಎದ್ದಾಗ ಬಚ್ಚಲ ಬಾಗಿಲ ಕೆಳಗಿಂದ ಅವಳ ಬೆರಳುಗಳು ಕಾಣಿಸಿದವು. ಕೇಳಿಸಲಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ. ಅದು ನಿಜವೆಂದು ಎಲ್ಲರೂ ನಂಬಿದರು. ಕೇಳಿಸಿತ್ತು, ಮತ್ತೆ ಕೇಳಬೇಕೆನಿಸುವಷ್ಟು ಚೆನ್ನಾಗಿ ಕೇಳಿಸಿತ್ತು ಎಂದು ಯಾರಿಗೆ ಹೇಳುವುದು.

ನಾದಿನಿಯ ಗಂಡ, ಎಂದರೆ ಅವನ ಷಡ್ಡಕ, ನಲ್ಲಿಗಳ ವ್ಯಾಪಾರಿ. ಬಚ್ಚಲಿಗೆ, ಅಡುಗೆಮನೆಗೆ ಬೇಕಾದ ಥಳಥಳಿಸುವ ನಲ್ಲಿಗಳನ್ನು ಗಾಜಿನ ಗೋಡೆಯ ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದ. ಮನೆಯೊಳಗೆ ಬಂದರೆ ಮೊದಲು ಅವನ ನಗು ಬರುತ್ತಿತ್ತು, ಆಮೇಲೆ ಹೊಟ್ಟೆ, ಆಮೇಲೆ ಅವನು. ಊಟದ ಮೇಜಿನ ಸುತ್ತ ಐವರು ಕೂತರು. ಮೂಲೆಯ ಕುರ್ಚಿಯಲ್ಲಿ ಮಾವ, ಹೆಂಡತಿಯ ತಂದೆ, ಈಗ ಇವರ ಮನೆಯಲ್ಲೇ ಇರುವವರು. ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಮನುಷ್ಯ. ನೌಕರಿಯುದ್ದಕ್ಕೂ ದೊಡ್ಡ ಡೋಲಿನ ಪಕ್ಕದಲ್ಲೇ ನಿಂತಿದ್ದಕ್ಕೋ ಏನೋ, ಎರಡೂ ಕಿವಿ ಹೋಗಿ, ಈಗ ಎಡಕಿವಿಯಲ್ಲಿ ಒಂದು ಯಂತ್ರ, ಅದೂ ಅರ್ಧಂಬರ್ಧ. ಅವರು ತಟ್ಟೆಯಿಂದ ತಲೆಯೆತ್ತಿ ಯಾರ ತುಟಿ ಆಡುತ್ತಿದೆಯೋ ಅವರ ಕಡೆ ನೋಡಿ ಮುಗುಳ್ನಗುತ್ತಿದ್ದರು.

"ಏನಣ್ಣ, ಶುಕ್ರವಾರ ಬಾವಿ ತೋಡಿಸಿದ್ರಂತೆ," ಎಂದ ಷಡ್ಡಕ.

ಅವನು ಹೆಂಡತಿಯ ಕಡೆ ನೋಡಿದ. ಅವಳು ಬಡಿಸುತ್ತಿದ್ದಳು. ಹಾಗಾದರೆ ಹೇಳಿದ್ದಾಳೆ. ಫೋನಿನಲ್ಲಿ ತಂಗಿಗೆ ಹೇಳಿ ಇಬ್ಬರೂ ನಕ್ಕಿದ್ದಾರೆ. "ಮೈಕು ಹಳೇದು, ಒಳಗೆ ಏನೋ ಸಡಿಲ ಆಗಿದೆ," ಎಂದ.

"ಮೈಕು ಬಿಡಿ. ನನ್ನ ಬಹಳ ದಿನದ ಅನುಮಾನ ಒಂದಿದೆ. ನಿಮ್ಮ ಆ ಪ್ಲೇಯರು, ಅದಕ್ಕೊಂದು ಆಂಪ್ಲಿಫೈಯರು, ಅದಕ್ಕೊಂದು ಚೀಲ. ನನ್ನ ಹತ್ರ ಈ ಫೋನು. ಹಾಡು ಅದೇ ಹಾಡು. ನಿಮಗೆ ನಿಜವಾಗ್ಲೂ ವ್ಯತ್ಯಾಸ ಗೊತ್ತಾಗುತ್ತಾ? ಅಥವಾ ಭಕ್ತರಿಗೆ ದೇವರು ಕಂಡ ಹಾಗಾ?"

"ಗೊತ್ತಾಗುತ್ತೆ."

"ಕಣ್ಣು ಮುಚ್ಕೊಂಡು?"

"ಕಣ್ಣಿಗೇನು ಕೆಲಸ ಅದರಲ್ಲಿ?" ಎಂದ. ಮೇಜಿನ ಮೇಲೆ ಬಲೆ ಹರಡುತ್ತಿರುವುದು ಅವನಿಗೆ ಗೊತ್ತಾಗುತ್ತಿತ್ತು, ಆದರೆ ಬೆಳಗ್ಗೆಯಿಂದ, ಇಲ್ಲ, ಶುಕ್ರವಾರದಿಂದ, ಯಾರಾದರೂ ತನ್ನನ್ನು ಪರೀಕ್ಷಿಸಿ ಇವನು ಸರಿಯಾಗಿದ್ದಾನೆ ಎಂದು ಹೇಳಲಿ ಎಂದು ಅವನ ಒಳಗೆ ಏನೋ ಹಸಿದು ಕೂತಿತ್ತು. ಕೈ ತೊಳೆದುಕೊಂಡು ಬಂದವನೇ ಪರೀಕ್ಷೆಯ ನಿಯಮಗಳನ್ನು ಅವನೇ ಹೇಳಿಕೊಟ್ಟ. ಹಾಡು ಒಂದೇ ಇರಬೇಕು. ಹೆಡ್‌ಫೋನು ಒಂದೇ ಇರಬೇಕು. ಸದ್ದು ಎರಡರಲ್ಲೂ ಸಮ ಇರಬೇಕು, ಯಾಕೆಂದರೆ ತುಸು ಜೋರಾಗಿದ್ದನ್ನೇ ಕಿವಿ ಚೆನ್ನಾಗಿದೆ ಎಂದು ನಂಬಿಬಿಡುತ್ತದೆ, ಕಿವಿಯಂಥ ಮೋಸಗಾರ ಇನ್ನೊಂದಿಲ್ಲ. ತಾನೇ ಕೂತು ಫೋನಿನ ಸದ್ದನ್ನೂ ಪ್ಲೇಯರಿನ ಸದ್ದನ್ನೂ ಹೊಂದಿಸಿದ. ಷಡ್ಡಕ ಶಾಲೆಯ ಹುಡುಗನ ಹಾಗೆ ತಲೆಯಾಡಿಸುತ್ತ ಕೇಳಿಸಿಕೊಂಡ. ಕಣ್ಣಿಗೆ ಬಟ್ಟೆ ಬೇಡ, ಕನ್ನಡಕ ತೆಗೆದರೆ ಸಾಕು, ಭಾವನಿಗೆ ತಮ್ಮ ಹೆಂಡತಿಯೇ ಕಾಣಿಸುವುದಿಲ್ಲ ಎಂದಳು ನಾದಿನಿ. ಅವನು ನಕ್ಕ. ನಗುವುದು ಸುಲಭವಾಗಿತ್ತು ಆಗ.

ಷಡ್ಡಕ ಅವನ ಬೆನ್ನ ಹಿಂದೆ ನಿಂತ. ವೈರು ಹೆಗಲ ಮೇಲಿಂದ ಹಿಂದಕ್ಕೆ ಹೋಯಿತು. ಪಿನ್ನು ಕಚ್ಚಿಕೊಂಡ ಟಕ್ ಎಂಬ ಸದ್ದು, ಆಮೇಲೆ ಹಾಡು. ಅವನು ಕಣ್ಣು ಮುಚ್ಚಿ ಅದರೊಳಗೆ ಇಳಿದ. ಎಲ್ಲ ಇತ್ತು, ಆದರೆ ಎಲ್ಲ ಒಂದರ ಮೈಮೇಲೆ ಒಂದು ಬಿದ್ದಂತೆ. ಕೈ ಎತ್ತಿ ಸಾಕು ಎಂದ. ಮತ್ತೆ ಟಕ್, ಮತ್ತೆ ಟಕ್. ಈ ಸಲ ಮೊದಲ ಸ್ವರಕ್ಕೇ ಅವನ ಎದೆ ಹಗುರಾಯಿತು. ಪಿಟೀಲು ಹಿಂದೆ ಸರಿದು ತನ್ನ ಜಾಗದಲ್ಲಿ ನಿಂತಿತು, ಅದಕ್ಕೂ ದನಿಗೂ ನಡುವೆ ಒಬ್ಬರು ನಡೆದುಹೋಗುವಷ್ಟು ದಾರಿ. ಎರಡನೆಯ ಚರಣ ಬರುತ್ತಿತ್ತು. ಆಗ, ಬೆಳಗ್ಗೆಯೆಲ್ಲ ಸತಾಯಿಸಿದ ಆ ಜಾಗದಲ್ಲಿ, ತುಟಿಗಳು ಬಿಡಿಸಿಕೊಂಡವು, ಅವಳು ಉಸಿರೆಳೆದುಕೊಂಡಳು. ಅವನ ಕಣ್ಣಲ್ಲಿ ನೀರು ಬಂತು. ಕಿವಿ ಇದೆ. ಎಲ್ಲಿಗೂ ಹೋಗಿಲ್ಲ. ಶುಕ್ರವಾರ ಮೈಕೇ ಕೆಟ್ಟಿತ್ತು.

"ಮೊದಲನೇದು ನಿಮ್ಮ ಫೋನು," ಎಂದ, ಹೆಡ್‌ಫೋನನ್ನು ಕೊರಳಿಗೆ ಇಳಿಸುತ್ತ. "ದನಿ ಮೇಲೆ ಧೂಳು ಕೂತ ಹಾಗಿದೆ. ಎರಡನೇದು ನನ್ನ ಪ್ಲೇಯರು. ಇದರಲ್ಲಿ ಗಾಳಿ ಇದೆ ನೋಡಿ. ಅವಳು ಉಸಿರು ತಗೊಳ್ಳೋದು ಸಹ ಕೇಳಿಸ್ತು. ಅದು ನಿಮ್ಮ ಫೋನಿನಲ್ಲಿ ಈ ಜನ್ಮದಲ್ಲಿ ಕೇಳಿಸಲ್ಲ."

ಕನ್ನಡಕಕ್ಕೆ ಕೈ ಚಾಚಿ ಹಾಕಿಕೊಂಡು ತಿರುಗಿದ. ಪ್ಲೇಯರು ಅವನು ಹೊಂದಿಸಿಟ್ಟ ಜಾಗದಲ್ಲೇ, ಉಪ್ಪಿನ ಡಬ್ಬಿಯ ಪಕ್ಕ, ಮಲಗಿತ್ತು. ವೈರು ಷಡ್ಡಕನ ಫೋನಿನಲ್ಲಿತ್ತು. ಷಡ್ಡಕನ ಕೆನ್ನೆಗಳು ಉಬ್ಬಿಕೊಂಡು ನಡುಗುತ್ತಿದ್ದವು. "ಅಣ್ಣ, ತಪ್ಪು ತಿಳ್ಕೋಬೇಡಿ... ಎರಡೂ ಒಂದೇ... ಕಿತ್ತು ಕಿತ್ತು ಅದಕ್ಕೇ ಚುಚ್ಚಿದೆ..." ಎಂದು ಹೇಳಿ ಮುಗಿಸಲಾಗದೆ ಮೇಜಿನ ಮೇಲೆ ಬಿದ್ದು ನಕ್ಕ. ನಾದಿನಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವೆರಡನ್ನೂ ಅವನು ತಡೆದುಕೊಳ್ಳಬಹುದಾಗಿತ್ತು. ಆದರೆ ಹೆಂಡತಿ ನಗುತ್ತಿದ್ದಳು. ಕೈಯಲ್ಲಿ ಸೌಟು ಹಿಡಿದು, ಗೋಡೆಗೆ ಒರಗಿ, ಮೂಗಿನಿಂದ ಸಣ್ಣಗೆ ಗೊರಕೆಯಂಥ ಸದ್ದು ಹೊರಡಿಸುತ್ತ. ಮದುವೆಯಾದ ಹೊಸದರಲ್ಲಿ ಆ ಸದ್ದಿಗೆ ನಾಚಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ಕೇಳಿ ಎಷ್ಟು ವರ್ಷವಾಗಿತ್ತು ಎಂದು ಅವನಿಗೆ ನೆನಪಾಗಲಿಲ್ಲ. ಅವಳು ನಗುವುದನ್ನು ಬಿಟ್ಟಿದ್ದಳೋ, ಇವನು ಕೇಳುವುದನ್ನೋ.

"ಏನಂತೆ? ಏನಂತೆ?" ಮೂಲೆಯಿಂದ ಮಾವ ಕೇಳಿದರು, ಎಲ್ಲರ ನಗುವಿಗೆ ತಾವೂ ನಗು ಸೇರಿಸುತ್ತ.

ನಾದಿನಿ ಅವರ ಕಿವಿಯ ಹತ್ತಿರ ಬಾಗಿ ಕೂಗಿದಳು. "ಅಪ್ಪಾ! ಭಾವಂಗೆ ಗೊತ್ತಾಗ್ಲಿಲ್ಲ!"

"ಯಾರಿಗೆ?"

"ಭಾವಂಗೆ! ಭಾವಂಗೆ!"

"ಏನು ಗೊತ್ತಾಗ್ಲಿಲ್ಲ?"

"ಎರಡೂ ಒಂದೇ ಅಂತ!" ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ಕಿಟಕಿಗಳೆಲ್ಲ ತೆರೆದಿದ್ದವು. "ಒಂದೇ ಫೋನು, ಎರಡು ಸಲ ಹಾಕಿದ್ವಿ! ಬೇರೆ ಬೇರೆ ಅಂದ್ರು! ಉಸಿರು ಕೇಳಿಸ್ತು ಅಂದ್ರು!"

ಮಾವ ಅದನ್ನು ನಿಧಾನವಾಗಿ ಜೀರ್ಣಿಸಿಕೊಂಡರು. ಅಳಿಯನ ಕಡೆ ತಿರುಗಿ ಮರುಕದಿಂದ, "ಪಾಪ, ಫೋನು ಕೆಟ್ಟೋಗಿದೆಯಾ?" ಎಂದರು. ನಗು ಮತ್ತೆ ಮೊದಲಿನಿಂದ ಶುರುವಾಯಿತು.

ಅವನು ಪ್ಲೇಯರನ್ನೂ ಹೆಡ್‌ಫೋನನ್ನೂ ಎತ್ತಿಕೊಂಡು ಕೋಣೆಗೆ ಹೋದ. ಬಾಗಿಲು ಹಾಕಿದರೆ ಮುನಿಸಿಕೊಂಡ ಅನ್ನುತ್ತಾರೆ, ತೆರೆದೇ ಇಟ್ಟ. ಹೊರಗೆ ಪಾತ್ರೆಗಳ ಸದ್ದು, ಅಕ್ಕ ತಂಗಿಯರ ಮಾತು, ನಡುನಡುವೆ ತಡೆದುಕೊಂಡ ನಗು. ತಮಾಷೆ ಅಷ್ಟೇ, ಎಂದು ತನಗೇ ಹೇಳಿಕೊಂಡ. ಆದರೆ ಬಿಡಿಸಿಕೊಳ್ಳಲಾಗದೆ ಅಂಟಿಕೊಂಡದ್ದು ಆ ನಗುವಲ್ಲ, ಆ ಉಸಿರು. ಅದನ್ನು ಅವನು ಕೇಳಿದ್ದ. ಬಯಸಿದ ತಕ್ಷಣ ಕೇಳಿಸಿತ್ತು. ಹಾಗಾದರೆ ಇಷ್ಟು ವರ್ಷ ಒಂದೊಂದು ಹೊಸ ಹೆಡ್‌ಫೋನಿಗೂ ಒಂದೊಂದು ಹೊಸ ಸದ್ದು ಕಾಣಿಸಿಕೊಂಡದ್ದು ಎಲ್ಲಿಂದ? ರಸ್ತೆಯ ಮೇಲೆ ಸುತ್ತು ಹಾಕಿದ ಸೀಮೆಸುಣ್ಣ ಯಾರ ಮಾತು ಕೇಳಿ ಹಾಕಿತು? ನಾಳೆ ಮತ್ತೆ ಮೈಕು ಊರಬೇಕು, ಮೇಸ್ತ್ರಿ ಸಲಿಕೆಯ ಮೇಲೆ ಗದ್ದವಿಟ್ಟು ಅವನ ಮುಖವನ್ನೇ ನೋಡುತ್ತಿರುತ್ತಾನೆ.

"ಅಳಿಯಂದ್ರೇ." ಮಾವ ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲು ಅಪ್ಪಣೆ ಬೇಕೆಂಬಂತೆ. "ನಂಗೂ ಒಂದ್ಸಲ ಹಾಕ್ತೀರಾ? ಈ ಮನೆಗೆ ಬಂದಾಗಿಂದ ಕೇಳ್ಬೇಕು ಅಂತಿದ್ದೆ. ನಿಮ್ಮದ್ರಲ್ಲಿ ಬಹಳ ಚೆನ್ನಾಗಿ ಬರುತ್ತಂತಲ್ಲ."

ಹಿಂದೆ ಕೇಳಿದಾಗಲೆಲ್ಲ ಅವನು ನಾಳೆ ಎಂದಿದ್ದ. ಮುದುಕನ ತಲೆಯ ಎಣ್ಣೆ ಮೆತ್ತೆಗೆ ಹತ್ತುತ್ತದೆ ಎಂಬುದು ಕಾರಣ. ಇವತ್ತು ಕುರ್ಚಿ ಬಿಟ್ಟುಕೊಟ್ಟ. ಕಿವಿಯ ಯಂತ್ರವನ್ನು ಬೆರಳಲ್ಲಿ ತೋರಿಸಿ, "ಅದನ್ನ ತೆಗೀರಿ. ಒಳಗೆ ಇದ್ರೆ ಸೀಟಿ ಹೊಡಿಯುತ್ತೆ," ಎಂದು ಕೂಗಿದ. ಅದು ನಿಜವೇ. ಅದಿಲ್ಲದೆ ಅವರಿಗೆ ಏನೂ ಕೇಳಿಸುವುದಿಲ್ಲ ಎನ್ನುವುದೂ ನಿಜ. ಮಾವ ಯಂತ್ರವನ್ನು ಕಿತ್ತು ಮುಷ್ಟಿಯಲ್ಲಿಟ್ಟುಕೊಂಡು ತಲೆ ಬಗ್ಗಿಸಿದರು, ಕಿರೀಟ ಹಾಕಿಸಿಕೊಳ್ಳುವವರ ಹಾಗೆ. ಅವನು ಹೆಡ್‌ಫೋನ್ ಹಾಕಿ, ತಾನು ಯಾವಾಗಲೂ ಕೇಳುವಷ್ಟೇ ಸದ್ದಿಟ್ಟು, ಹಾಡು ಬಿಟ್ಟ. ಮಾವನ ಮುಖದಲ್ಲಿ ಮೊದಲು ಗಲಿಬಿಲಿ ಆಡಿತು. ಕಣ್ಣು ಒಮ್ಮೆ ಪ್ಲೇಯರಿನ ಕಡೆ, ಒಮ್ಮೆ ಅಳಿಯನ ಕಡೆ ಹೋಯಿತು. ಆಮೇಲೆ ಅಲ್ಲಿ ಮರ್ಯಾದೆ ಬಂದು ಕೂತಿತು. "ಹ್ಞಾಂ... ಬಹಳ ಚೆನ್ನಾಗಿದೆ," ಎಂದರು, ಕಿವುಡರು ಮಾತಾಡುವ ಹಾಗೆ ಗಟ್ಟಿಯಾಗಿ. ತೊಡೆಯ ಮೇಲೆ ಬೆರಳು ತಾಳ ಹಾಕತೊಡಗಿತು.

ಆ ಮುಖವನ್ನು ಅವನು ದಿಟ್ಟಿಸಿದ. ಊಟದ ಮೇಜಿನ ಹತ್ತಿರ ಎಲ್ಲರೂ ನೋಡಿದ ಮುಖ ಹೀಗೇ ಇದ್ದಿರಬೇಕು: ಮುಚ್ಚಿದ ಕಣ್ಣು, ತುಸು ತೆರೆದ ಬಾಯಿ, ಇಲ್ಲದ್ದನ್ನು ಸವಿಯುವ ಆ ದರಿದ್ರ ಸುಖ. ಕೈ ತಾನಾಗಿ ಹೋಗಿ ಪಿನ್ನನ್ನು ಎಳೆಯಿತು. ವೈರು ಕುರ್ಚಿಯ ಪಕ್ಕ ಜೋತುಬಿತ್ತು. ಮುದುಕನ ಭುಜ ತಟ್ಟಿ, ಈಗ ಹೇಗೆ ಎಂದು ಕೈಯಲ್ಲಿ ಕೇಳಿದ.

"ಈಗಂತೂ ಕೇಳ್ಬೇಡಿ!" ಎಂದರು ಮಾವ, ಕಣ್ಣು ತೆರೆಯದೆ.

ಒಳಗಿಂದ ಏನೋ ಬಿಸಿಯಾಗಿ ಉಕ್ಕಿತು. ಸಂತೋಷವೇ ಇರಬೇಕು ಅದು. ಬೇರೆ ಹೆಸರು ಹೊಳೆಯಲಿಲ್ಲ. ಬಾಗಿಲಿಗೆ ಹೋಗಿ, "ಬನ್ನಿ, ಎಲ್ಲರೂ ಬನ್ನಿ. ನಾನೂ ಒಂದು ತಮಾಷೆ ತೋರಿಸ್ತೀನಿ," ಎಂದು ಕರೆದ. ಅವರು ಬಂದರು. ಷಡ್ಡಕ ಹಲ್ಲುಕಡ್ಡಿ ಕಚ್ಚಿಕೊಂಡು, ನಾದಿನಿ ಒದ್ದೆ ಕೈ ಒರೆಸಿಕೊಳ್ಳುತ್ತ, ಹೆಂಡತಿ ಅವರ ಹಿಂದೆ. ಅವನು ಜೋತುಬಿದ್ದ ಪಿನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಸತ್ತ ಇಲಿಯ ಬಾಲ ತೋರಿಸುವಂತೆ ತೋರಿಸಿದ. "ನೋಡಿ. ಏನೂ ಇಲ್ಲ. ಬಹಳ ಚೆನ್ನಾಗಿದೆ ಅಂತಿದಾರೆ."

ಷಡ್ಡಕ ಒಂದು ಸಲ ಹ್ಹ ಎಂದ. ಅದು ಒಂಟಿಯಾಗಿ ಹೊರಬಿದ್ದು ನೆಲಕ್ಕೆ ಬಿತ್ತು. ಅವನು ಹಲ್ಲುಕಡ್ಡಿ ತೆಗೆದು ಜೇಬಿಗೆ ಹಾಕಿಕೊಂಡ. ನಾದಿನಿ ಅಪ್ಪನ ಬೆರಳುಗಳನ್ನು ನೋಡುತ್ತಿದ್ದಳು. ಅವು ಎರಡು ದೀರ್ಘ, ಮೂರು ಹ್ರಸ್ವವಾಗಿ ಮಂಡಿಯ ಮೇಲೆ ತಪ್ಪದೆ ಬೀಳುತ್ತಿದ್ದವು. ಹೆಂಡತಿ ತಂದೆಯನ್ನು ನೋಡಲಿಲ್ಲ. ಅವನನ್ನು ನೋಡಿದಳು. ಕನ್ನಡಕ ಹಾಕಿಕೊಂಡಿರಬಾರದಿತ್ತು ಎಂದು ಅವನಿಗೆ ಅನ್ನಿಸಿತು. ಅವಳು ಮುಂದೆ ಬಂದು ಹೆಡ್‌ಫೋನ್ ತೆಗೆಯಲು ತಂದೆಯ ತಲೆಗೆ ಕೈ ಹಾಕಿದಳು.

ಮಾವ ಕಣ್ಣು ಮುಚ್ಚಿಕೊಂಡೇ ಆ ಕೈಯನ್ನು ಸರಿಸಿದರು. "ಇರು ಮಗಳೇ. ಈ ಹಾಡು ಮುಗೀಲಿ."

ನಾಲ್ವರೂ ನಿಂತರು. ಹೋಗುವ ಹಾಗಿಲ್ಲ, ಕೂರುವ ಹಾಗಿಲ್ಲ, ಹಾಡು ಎಲ್ಲಿಗೆ ಬಂದಿದೆ ಎಂದು ಯಾರಿಗೂ ಗೊತ್ತಿಲ್ಲ. ಕೆಳಗೆ ಬೀದಿಯಲ್ಲಿ ಒಂದು ಗಾಡಿ ಹಿಂದಕ್ಕೆ ಸರಿಯುತ್ತ ಕಿರುಗುಟ್ಟಿ ನಿಂತಿತು. ಷಡ್ಡಕ ತನ್ನ ಕಾಲ್ಬೆರಳುಗಳನ್ನು ನೋಡಿಕೊಂಡ. ಕೈಯಲ್ಲಿದ್ದ ಪಿನ್ನನ್ನು ಕೆಳಗಿಡಬೇಕು ಎಂದು ಇವನಿಗೆ ಅನ್ನಿಸಿತು, ಇಟ್ಟರೆ ಸದ್ದಾದೀತು ಎಂದು ಹಿಡಿದೇ ನಿಂತ; ಆಮೇಲೆ, ಆ ಸದ್ದು ಯಾರಿಗೆ ಕೇಳಿಸುವುದು ಎಂದು ಹೊಳೆಯಿತು. ಮಾವನ ಬೆರಳುಗಳು ಒಂದು ಕಡೆ ತಡೆದವು, ಸಣ್ಣ ತಿರುವೊಂದನ್ನು ತೆಗೆದುಕೊಂಡವು, ಮತ್ತೆ ಸಾಗಿದವು. ಅವನಿಗೆ ಗೊತ್ತಿರುವ ಯಾವ ಹಾಡೂ ಹಾಗೆ ತಿರುಗುವುದಿಲ್ಲ. ಗೊತ್ತಿಲ್ಲದೆ ಅವನು ಕಿವಿಗೊಟ್ಟಿದ್ದ, ರಸ್ತೆಯ ಮೇಲೆ ಬಗ್ಗಿ ನಿಲ್ಲುವ ಹಾಗೆ ತುಸು ಬಗ್ಗಿ. ಕೊನೆಗೆ ಬೆರಳುಗಳು ಮೂರು ಸಲ ಬಿದ್ದು ಅಂಗೈ ಮಂಡಿಯ ಮೇಲೆ ಅಂಗಾತ ಮಲಗಿತು.

"ಕೊನೇಲಿ ಕ್ಲಾರಿನೆಟ್‌ನವನು ಸ್ವಲ್ಪ ಓಡಿಸಿಬಿಟ್ಟ," ಎಂದರು ಮಾವ. "ಆದ್ರೂ ಒಳ್ಳೇ ಉಸಿರಿದೆ ಅವನಿಗೆ. ಇನ್ನೊಂದು ಹಾಕಿ ಅಳಿಯಂದ್ರೇ."

ನಾದಿನಿ ಗಂಡನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಹೊರಬಾಗಿಲು ಮುಚ್ಚಿಕೊಂಡಿತು. ಹೋಗಿ ಬರುತ್ತೇವೆ ಎಂದು ಯಾರೂ ಹೇಳಲಿಲ್ಲ. ಅವನು ಪಿನ್ನನ್ನು ಪ್ಲೇಯರಿನ ತೂತಿನ ಹತ್ತಿರ ತಂದ. ಹೆಂಡತಿ ಅದನ್ನು ಅವನ ಕೈಯಿಂದ ತೆಗೆದುಕೊಂಡಳು, ಕಿತ್ತುಕೊಳ್ಳಲಿಲ್ಲ, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡಳು.

"ಕೊಡು. ಸರಿಯಾಗಿ ಹಾಕ್ತೀನಿ. ಸದ್ದು ಜಾಸ್ತಿ ಮಾಡಿದ್ರೆ ಅವರಿಗೂ ಸ್ವಲ್ಪ ಕೇಳಿಸಬಹುದು," ಎಂದ.

"ಬೇಡ. ಹೀಗೇ ಹಾಕಿ."

"ಏನು ಹಾಗಂದ್ರೆ?"

"ಅಪ್ಪ ಕಾಯ್ತಿದಾರೆ. ಹಾಕಿ ಅಂದ್ನಲ್ಲ."

ಅವಳು ಮಂಚದ ಅಂಚಿನಲ್ಲಿ ಕೂತಳು. ದನಿಯಲ್ಲಿ ಸಿಟ್ಟಿರಲಿಲ್ಲ, ನೀರಿನ ಪಾತ್ರೆಗೆ ಮುಚ್ಚಳ ಹಾಕಿ ಎನ್ನುವಾಗಿನ ದನಿ ಅದು. ಅವನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. "ಎಲ್ಲಿಗೆ? ಅಪ್ಪ ಸಾಕು ಅನ್ನೋವರೆಗೂ ಇಲ್ಲೇ ಇರಬೇಕು ನೀವು," ಎಂದಳು. ಅವನು ವಾಪಸು ಬಂದು ಕುರ್ಚಿಯ ಪಕ್ಕ ನೆಲದ ಮೇಲೆ ಕುಕ್ಕರಿಸಿ, ಪ್ಲೇಯರಿನಲ್ಲಿ ಮುಂದಿನ ಹಾಡನ್ನು ಹುಡುಕಿದ. ಯಾವುದಾದರೇನು ಅಂದುಕೊಂಡರೂ, ನಿಧಾನವಾದದ್ದೊಂದನ್ನು ಆರಿಸಿ ಗುಂಡಿ ಒತ್ತಿದ. ಪರದೆ ಬೆಳಗಿತು, ಅಂಕಿಗಳು ಓಡತೊಡಗಿದವು. ಮಾವ ಅವನ ಬೆರಳು ಗುಂಡಿ ಬಿಡುವುದನ್ನೇ ನೋಡುತ್ತಿದ್ದವರು ಕಣ್ಣು ಮುಚ್ಚಿಕೊಂಡರು. ಹೆಂಡತಿಯ ಮುಷ್ಟಿಯಿಂದ ವೈರು ಇಳಿದು, ನೆಲ ಮುಟ್ಟಿ, ಮುದುಕನ ಕುತ್ತಿಗೆಗೆ ಏರಿತ್ತು.

ತುಸು ಹೊತ್ತಾದ ಮೇಲೆ ಮಾವ ಹುಬ್ಬು ಗಂಟಿಕ್ಕಿ, ಒಂದು ಕೈಯನ್ನು ಗಾಳಿಯಲ್ಲಿ ಮೆಲ್ಲಗೆ ಕೆಳಗೆ ಒತ್ತಿದರು.

"ಸ್ವಲ್ಪ ಕಮ್ಮಿ ಮಾಡಿ ಅಳಿಯಂದ್ರೇ. ಜೋರಾಯ್ತು."

ಅವನು ಹೆಂಡತಿಯ ಕಡೆ ನೋಡಿದ. ಅವಳು ಕಾದಳು.

ಅವನು ಕಮ್ಮಿ ಮಾಡಿದ.